ಹೊಳೆ ಹೆಪ್ಪುಗಟ್ಟುವ ತನಕ

ಬಿಷಪ್ ಲಯನೆಲ್ ಪ್ಯಾಸ್ಕೋ ಯಾವ ಊರಲ್ಲೂ ಕಾಲೂರಿ ನಿಂತವರಲ್ಲ. ಇಂಗ್ಲೆಂಡಿನಿಂದ ಉತ್ತರದ ಹಿಮನಾಡಿನ ಜೇಮ್ಸ್ ಕೊಲ್ಲಿಗೆ ಎಳೆಯ ಪಾದ್ರಿಯಾಗಿ ಬಂದರು. ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆ ಕಲಿತು, ದೋಣಿಯಲ್ಲಿ, ನಾಯಿಬಂಡಿಯಲ್ಲಿ ಸುತ್ತಿ ಸುತ್ತಿ ಬಿಷಪ್ಪರಾದರು. ಆಮೇಲೆ ಪುಟ್ಟ ವಿಮಾನ ಸಿಕ್ಕಿತು, ಸುತ್ತಾಟ ಇನ್ನೂ ಹೆಚ್ಚಿತು. ಹೆಂಡತಿ ಮ್ಯೂರಿಯಲ್ ಮೂಸ್ ಫ್ಯಾಕ್ಟರಿ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗಲೂ ಅವರು ಉತ್ತರದ ಹಳ್ಳಿಗಳ ಕಡೆ ಹೋಗಿದ್ದರು. ಮಣ್ಣಾದ ಮೇಲೆ ಬಂದು, ಮರುವಾರವೇ ಮತ್ತೆ ಹೊರಟರು.

ಅದಾಗಿ ಐದು ವರ್ಷಕ್ಕೆ, ಒಮ್ಮೆ ಚಳಿ ಬೇಗ ಬಂತು. ನೀರಿನ ಮೇಲಿಳಿಯುವ ವಿಮಾನ ಅವರನ್ನು ಹೆಬ್ಬಾತು ಹೊಳೆಯ ದಡದ ಊರಲ್ಲಿ ಇಳಿಸಿ ಹೋದ ಮೇಲೆ ನೀರು ಹೆಪ್ಪುಗಟ್ಟತೊಡಗಿತು. ಇನ್ನು ಮಂಜುಗಡ್ಡೆ ಗಟ್ಟಿಯಾಗಿ, ವಿಮಾನ ಅದರ ಮೇಲೆ ಜಾರುವ ಸ್ಕೀ ಹಾಕಿಕೊಂಡು ಬರುವ ತನಕ ಹೊರಡಲು ದಾರಿಯಿಲ್ಲ.

ಅವರು ಉಳಿದದ್ದು ಮೇಸಿ ವಬಾನೋಳ ಮನೆಯಲ್ಲಿ. ಅವಳ ಗಂಡ ಜೋಬ್ ಸಾಯುವ ಹಾಸಿಗೆಯಲ್ಲಿದ್ದ. ಬಿಷಪ್ ಪ್ರಾರ್ಥನೆ ಹೇಳಿದರು, ಎದ್ದರು, ಬಾಗಿಲಿಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು.

"ನಿಮ್ ಓಡಾಟ ನೋಡಿ ನಂಗೇ ಸುಸ್ತಾಗ್ತಿದೆ ಬಿಷಪ್ರೇ," ಎಂದ ಜೋಬ್. "ಸಾಯ್ತಿರೋದು ನಾನು. ನಿಮಗೇನವಸರ?"

ಅವರು ನಗಲಾರದೆ ಹೊರಬಿದ್ದು, ಹೊಳೆಯಂಚಿನ ಗಡ್ಡೆಯನ್ನು ಕೋಲಿನಿಂದ ಕುಟ್ಟಿ ನೋಡಿದರು. ಬಿರುಕು ಬಿಟ್ಟಿತು. ಇನ್ನೊಂದು ಕಡೆ ಕುಟ್ಟಿದರು.

ಮೇಸಿ ಹಿಂದೆಯೇ ಬಂದಳು. "ಕುಟ್ಟಿದ್ರೆ ಬೇಗ ಗಟ್ಟಿಯಾಗುತ್ತಾ? ಒಳಗೆ ಬನ್ನಿ. ಅವನ ಮಗ್ಗುಲು ಬದಲಾಯಿಸ್ಬೇಕು, ನನ್ನೊಬ್ಬಳ ಕೈಲಾಗಲ್ಲ."

"ನನಗೆ ಇದೆಲ್ಲ ಬರಲ್ಲಮ್ಮ."

"ನಿಮ್ಮ ಹೆಂಡ್ತಿಗೆ ಯಾರು ಮಾಡಿದ್ರು?"

ಬಿಷಪ್ಪರ ಕೈಯಲ್ಲಿ ಕೋಲು ನಿಂತಿತು. "ಗೊತ್ತಿಲ್ಲ," ಎಂದರು. "ನಾನು ಕೇಳಲೇ ಇಲ್ಲ."

ಇಬ್ಬರೂ ಒಳಗೆ ಹೋಗಿ ಜೋಬನನ್ನು ತಿರುಗಿಸಿ ಮಲಗಿಸಿದರು. ಆಮೇಲೆ ದಿನವೂ ಬಿಷಪ್ ಅವನಿಗೆ ಸಾರು ಕುಡಿಸಿದರು, ಮೈ ಒರೆಸಿದರು. ಎದ್ದು ಓಡಬೇಕೆಂದು ಕಾಲು ಚಡಪಡಿಸುತ್ತಿದ್ದರೂ ಕೂತರು. ಒಂದು ಮಧ್ಯಾಹ್ನ ಜೋಬ್ ಅವರ ಕೈ ಹಿಡಿದುಕೊಂಡೇ ಹೋದ.

ವಿಮಾನ ಬಂದಾಗ ಪೈಲಟ್, "ಉತ್ತರದಲ್ಲಿ ಜನ ಕಾಯ್ತಿದ್ದಾರೆ," ಎಂದ.

"ಕಾಯ್ಲಿ. ಮೊದಲು ಮೂಸ್ ಫ್ಯಾಕ್ಟರಿಗೆ ನಡಿ."

ಅಲ್ಲಿ ಮ್ಯೂರಿಯಲ್‌ಳನ್ನು ನೋಡಿಕೊಂಡಿದ್ದ ನರ್ಸ್ ಡೈನಾ ಚೀಚೂ ಬಾಗಿಲು ತೆರೆದಳು. ಬಿಷಪ್ ಟೋಪಿ ತೆಗೆದು, ಹೆಂಡತಿಯ ಕೊನೆಯ ದಿನಗಳ ಬಗ್ಗೆ ತಡವರಿಸುತ್ತ ಕೇಳಿದರು.

"ಐದು ವರ್ಷ ಆದ್ಮೇಲೆ ಕೇಳ್ತಿದ್ದೀರಾ?" ಎಂದಳು ಡೈನಾ. "ಬಯ್ತಿದ್ರು ನಿಮ್ಮನ್ನ. ತಮಾಷೆಗಲ್ಲ, ನಿಜವಾಗ್ಲೂ ಸಿಟ್ಟಿತ್ತು. ವಿಮಾನದ ಸದ್ದು ಕೇಳಿದಾಗಲೆಲ್ಲ ನನ್ನ ಕಿಟಕಿ ಕಡೆ ತಿರುಗಿಸು ಅಂತಿದ್ರು."

ಬಿಷಪ್ ಒಳಗೆ ಬಂದು ಕೂತು, "ಇನ್ನೇನಂದ್ಲು? ಎಲ್ಲಾ ಹೇಳು," ಎಂದರು.