ಕಿಸೆಯೊಳಗಿನ ಫ್ಯೂಜು

"ಫ್ಯೂಜ್ ಉಮರನ ಕಿಸೇದಾಗ ಇತ್ತು, ಕಾಕಾ," ಎಂದು ದ್ಯಾಮೇಶ ಅದನ್ನು ಕಾಶೀಂಸಾಬನ ಮುಂದಿಟ್ಟ.

ಗಜೇಂದ್ರಗಡದಲ್ಲಿ ಕಾಶೀಂಸಾಬನದು ಮೋಟರ್ ರಿಪೇರಿ ಅಂಗಡಿ. ಬಾಗಿಲಿಗೆ ಆತು ನಿಂತಿದ್ದ ಸೊಸೆ ಆಸಿಫಾಳಿಗೆ ಒಂದು ಬಗೆಯ ಸಮಾಧಾನವಾಯಿತು. "ನಾ ಹೇಳ್ಲಿಲ್ಲೇನ್ರಿ, ಮಾಮಾ? ಅವ್ರು ಫ್ಯೂಜ್ ಕೀಳದ ಕೆಲಸಕ್ಕ ಕೈ ಹಚ್ಚವ್ರಲ್ಲ."

ಖರೇ ಮಾತು. ಸುತ್ತಲಿನ ರಾಜೂರು, ಸೂಡಿಯ ಬಾವಿಗಳಿಗೆ ಮೋಟರ್ ರಿಪೇರಿಗೆ ಇಳಿಯುವ ಮೊದಲು ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು. ಮೇಲಿದ್ದವರು ಮರೆತು ಬಟನ್ ಒತ್ತಿದರೂ ಜೀವಕ್ಕೆ ಧಕ್ಕೆಯಿಲ್ಲ. ಕಾಶೀಂಸಾಬ ಮಗ ಉಮರನಿಗೆ ಇದನ್ನು ಬೈದು, ಒಮ್ಮೆ ಕಪಾಳಕ್ಕೆ ಬಾರಿಸಿ ಕಲಿಸಿದ್ದ. ಆ ಉಮರ ಕರಾವಳಿಯಲ್ಲಿ ರಿಪೇರಿಗೆ ನಿಂತ ಹಡಗೊಂದರ ತಳದ ಟಾಕಿಯಲ್ಲಿ, ವಾಲ್ವ್ ತೆರೆದು ಕಡಲ ನೀರು ನುಗ್ಗಿ ಸತ್ತು ಹನ್ನೊಂದು ದಿನವಾಗಿತ್ತು. ಅಲ್ಲಿ ಕೆಲಸ ಕೊಡಿಸಿದ್ದ ನರಗುಂದದ ದ್ಯಾಮೇಶನೇ ಈಗ ಕಂಪನಿಯ ಕಾಗದ ಹಿಡಿದು ಬಂದಿದ್ದ. 'ಮೃತ ಉಮರನ ಅಜಾಗರೂಕತೆ' ಎಂದು ಅದರಲ್ಲಿತ್ತು. ಸತ್ತವನು ಎದುರು ಮಾತಾಡುವುದಿಲ್ಲವಲ್ಲ, ಏನು ಬೇಕಾದರೂ ಬರೆಯಬಹುದು. ಕೆಳಗೆ ತಂದೆಯ ಸಹಿ ಬೇಕಿತ್ತು.

"ಫ್ಯೂಜ್ ಕಿತ್ತಮ್ಯಾಗ ವಾಲ್ವ್ ಹ್ಯಾಂಗ ತೆರೀತಪಾ?" ಕಾಶೀಂಸಾಬ ಕೇಳಿದ.

ದ್ಯಾಮೇಶ ನೆಲ ನೋಡಿದ. "ಹಡಗಿನ್ಯಾಗ ವಾಲ್ವ್ ತಿರುವಾಕ ಮೋಟರ್ ಇರ್ತಾವ, ಕಾಕಾ. ಅದಕ್ಕ ಒಳಗ ಬ್ಯಾಟರಿ ಐತಿ. ಬೆಂಕಿ ಬಿದ್ದು ಕರೆಂಟ್ ಹೋದ್ರೂ ಆರಸಾಕ ಕಡಲ ನೀರು ಸಿಗಬೇಕಂತ, ಕರೆಂಟ್ ನಿಂತು ಹತ್ತು ನಿಮಿಷಕ್ಕ ತಾನಾ ತೆರ್ಕೊಂತೈತಿ. ಫ್ಯೂಜ್ ಕಿತ್ತಿದ್ದಕ್ಕ ಅದು ಕರೆಂಟ್ ಹೋತಂತ ತಿಳೀತು, ಕೀಳದ ಇದ್ದಿದ್ರ ಮುಚ್ಚೇ ಇರ್ತಿತ್ತು."

"ಇದನ್ನ ಅವ್ರಿಗೆ ಯಾರರ ಹೇಳಿದ್ರೇನು?" ಆಸಿಫಾ ಬಾಗಿಲು ಬಿಟ್ಟು ಒಳಗೆ ಬಂದಳು.

"ನಾನ ಹೇಳಬೇಕಿತ್ತು, ತಂಗಿ. ಮೋಟರಿನವ್ರ ಮನಿ ಹುಡುಗ, ಗೊತ್ತಿರತೈತಿ ಅಂದ್ಕೊಂಡೆ."

"ಹಂಗಾರ ಅದನ್ನ ಬರೀರಿ!"

ದ್ಯಾಮೇಶ ಕಾಗದವನ್ನು ಮುಂದೆ ಸರಿಸಿದ. ಕಾಶೀಂಸಾಬನ ಕಿವಿಗೆ ಇಬ್ಬರ ಮಾತೂ ಬೀಳುತ್ತಿರಲಿಲ್ಲ. ಅಂದು ಮಗನ ಕೆನ್ನೆಗೆ ಹೊಡೆದ ಅಂಗೈ ಉರಿಯುತ್ತಿತ್ತು. ಅವನು ಪೆನ್ನು ತೆಗೆದುಕೊಂಡು 'ಮೃತ ಉಮರ' ಎಂಬುದನ್ನು ಹೊಡೆದುಹಾಕಿ, ಮೇಲೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ.

"ಮಾಮಾ, ಇದೇನ್ರಿ?"

"ನಾ ಹೇಳಿದಂಗ ಮಾಡ್ಯಾನವ್ವಾ ಅವ."

ಹೆಸರಿನ ಪಕ್ಕ ಇನ್ನೊಂದು ಹೆಸರಿಗೆ ಜಾಗವಿತ್ತು. ಕಾಶೀಂಸಾಬ ಪೆನ್ನನ್ನು ದ್ಯಾಮೇಶನತ್ತ ಚಾಚಿದ.

ದ್ಯಾಮೇಶ ಎರಡೂ ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡು ಕುಳಿತೇ ಇದ್ದ.