ಕೇಳುವವನ ಪಾರ್ಟು

ಜಯರಾಮನ್ ಸಿನಿಮಾಕ್ಕೆ ಸೇರಿದ್ದು ಒಂದು ಮರ ಬಿದ್ದದ್ದರಿಂದ. ಊಟಿಯಿಂದ ಕುನ್ನೂರಿಗೆ ಹೊರಟಿದ್ದ ಬಸ್ಸು ಕೇತ್ತಿಯ ಹತ್ತಿರ ನಿಂತುಬಿಟ್ಟಿತ್ತು. ಅಡ್ಡಬಿದ್ದ ನೀಲಗಿರಿ ಮರವನ್ನು ಕಡಿದು ಸರಿಸುವವರೆಗೆ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಕಾಗದ ಹಿಡಿದುಕೊಂಡು ಒಂದು ದೃಶ್ಯವನ್ನು ಓದಿ ನೋಡುತ್ತಿದ್ದರು. ಒಬ್ಬ ಪ್ರವೀಣ್‌ಕುಮಾರ್, ಕುನ್ನೂರಿನಲ್ಲಿ ಮದುವೆ ವಿಡಿಯೊ ತೆಗೆಯುವವನು. ಇನ್ನೊಬ್ಬ ಮಂಜುನಾಥ, ಮಸಿನಗುಡಿಯ ರೆಸಾರ್ಟುಗಳಿಗೆ ಆನೆ, ಕಾಟಿಗಳ ಚಿತ್ರ ತೆಗೆದುಕೊಡುವವನು. ಒಂದೇ ಮದುವೆಗೆ ಹೆಣ್ಣಿನ ಕಡೆಯವರು ಒಬ್ಬನನ್ನೂ ಗಂಡಿನ ಕಡೆಯವರು ಇನ್ನೊಬ್ಬನನ್ನೂ ಕರೆದು, ಇಬ್ಬರೂ ಒಂದೇ ಮೂಲೆಯಲ್ಲಿ ಕ್ಯಾಮರಾ ಇಡಲು ಜಗಳಾಡಿ ಸ್ನೇಹಿತರಾದವರು. ಈಗ ಸಾಲದ ಕ್ಯಾಮರಾದಲ್ಲಿ ನೀಲಗಿರಿಯ ಬಡಗ ಜನರ ಮಾತಿನಲ್ಲಿ ಒಂದು ಸಿನಿಮಾ ಮಾಡಲು ಹೊರಟಿದ್ದರು.

ಮೂರನೆಯ ಸಲ ಪ್ರವೀಣ್ ಕಾಗದ ನೋಡದೆ ಹೇಳಹೋಗಿ ತಡವರಿಸಿದ. ಅವನು ಮರೆತ ಮಾತು ಹಿಂದಿನ ಸೀಟಿನಿಂದ ಮೆಲ್ಲಗೆ ಬಂತು.

"ನೀ ಒಲೆ ಎಲ್ಲಿ ಅಂತ ತೋರಿಸಿದೆ. ಕಿಟಕಿ ಎಲ್ಲಿ ಅಂತ ತೋರಿಸಲಿಲ್ಲೆ."

ಹುಡುಗರು ತಿರುಗಿ ನೋಡಿದರು. ಜಯರಾಮನ್ ನಾಚಿಕೊಂಡ. ಅರವಂಕಾಡಿನ ಫ್ಯಾಕ್ಟರಿಯಿಂದ ನಿವೃತ್ತನಾದ ಮನುಷ್ಯ. ಅಲ್ಲಿನ ನೌಕರರ ನಾಟಕ ತಂಡದಲ್ಲಿ ಸರ್ವೀಸು ಪೂರ್ತಿ ಪ್ರಾಂಪ್ಟರ್ ಆಗಿದ್ದವನು. ಪರದೆಯ ಮರೆಯಲ್ಲಿ ನಿಂತು ರಾಜನಿಗೂ ಮಾತು ಹೇಳಿಕೊಟ್ಟ, ಕಳ್ಳನಿಗೂ ಹೇಳಿಕೊಟ್ಟ. ಎರಡು ಸಲ ಕೇಳಿದ್ದು ಅವನಿಗೆ ಬಾಯಿಪಾಠ. ಆದರೆ ಜನರೆದುರು ಅವನ ಮೂಗಿನ ತುದಿಯೂ ಕಾಣಿಸಿದ್ದಿಲ್ಲ. ಚಪ್ಪಾಳೆಯೆಲ್ಲ ಪರದೆಯ ಆಚೆಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಒಂದು ಸಲವಾದರೂ ಪರದೆಯ ಈಚೆ ಬರಬೇಕು ಎಂಬ ಆಸೆ ಅವನಲ್ಲಿ ಇನ್ನೂ ಬೂದಿಯೊಳಗಿನ ಕೆಂಡದ ಹಾಗೆ ಇತ್ತು.

"ಮಾಮ, ನಂಗಳ ಸಿನಿಮಾದಲ್ಲಿ ನೀ ಗಂಡನ ಪಾರ್ಟು ಮಾಡ್ತೀಯಾ?" ಎಂದು ಪ್ರವೀಣ್ ಕೇಳಿದ. "ಮಾತೇ ಇಲ್ಲೆ. ಮುದುಕಿ ಗಂಟು ಕಟ್ಟಿಕೊಂಡು ತವರಿಗೆ ಹೊರಡ್ತಾಳೆ, ಯಾಕೆ ಹೊರಟೆ ಅಂತ ಹೊಸಿಲ ಮೇಲೆ ಕೂತು ಹೇಳ್ತಾಳೆ. ನೀ ಕೇಳಬೇಕು, ಅಷ್ಟೇ."

ಕೇಳುವುದು ಯಾವ ಮಹಾ ಕೆಲಸ! ಜಯರಾಮನ್ ಅಲ್ಲೇ ಒಪ್ಪಿಕೊಂಡ. ದೃಶ್ಯಕ್ಕೆ ಹುಬ್ಬತಲೈ ಎಂಬ ಹಟ್ಟಿಯ ತನ್ನ ಮನೆಯನ್ನೂ ಕೊಟ್ಟ.

ಮನೆ ನೋಡಲು ಬಂದ ದಿನ ಪ್ರವೀಣನ ಮುಖ ಸಪ್ಪಗಿತ್ತು. ಮುದುಕಿಯ ಪಾರ್ಟಿಗೆ ಕೊಯಮತ್ತೂರಿನಿಂದ ಬರಬೇಕಿದ್ದ ನಟಿ ಬರುವುದಿಲ್ಲ ಅಂದಿದ್ದಳು. ಜಯರಾಮನ್‌ನ ಹೆಂಡತಿ ವಸಂತಿ ಚಹಾ ತಂದಿಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತಳು.

"ಆ ಪಾರ್ಟಿಗೆ ನಾ..." ಎಂದಳು.

"ಆಳು ಹುಡುಕಿ ಕೊಡ್ತೀನಿ ಅಂತಾಳೆ," ಎಂದ ಜಯರಾಮನ್. "ಇವಳಿಗೆ ಸುತ್ತಲ ಹಟ್ಟಿಯವರೆಲ್ಲ ಗೊತ್ತು."

ಆ ಮನೆಯ ರೀತಿಯೇ ಹಾಗೆ. ವಸಂತಿ ಮಾತು ಶುರು ಮಾಡುವುದು, ಜಯರಾಮನ್ ಮುಗಿಸುವುದು. ಪಕ್ಕದ ಮನೆಯವರು ಅವಳನ್ನು ತಲೆನೋವು ಹೇಗಿದೆ ಎಂದು ಕೇಳಿದರೆ ವಾಸಿಯಾಯಿತು ಎಂದು ಇವನು ಹೇಳಬೇಕು. ಕೆಟ್ಟ ಬುದ್ಧಿಯಿಂದಲ್ಲ. ಯಾರ ಮಾತಾದರೂ ಅರ್ಧಕ್ಕೆ ನಿಂತರೆ ಅವನ ಜೀವಕ್ಕೆ ಸಮಾಧಾನವಿಲ್ಲ. ವಸಂತಿ ಒಂದು ಗಳಿಗೆ ನಿಂತಿದ್ದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನ ಕೆಳಗಿನ ಹಟ್ಟಿಯಿಂದ ಪಂಕಜಂ ಎಂಬ ಹೆಂಗಸನ್ನು ಕರೆತಂದಳು. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಪಂಕಜಂ ಹೆಸರಾದವಳು. ಸತ್ತವರ ಪರಿಚಯವಿಲ್ಲದಿದ್ದರೂ ಕಲ್ಲು ಕರಗುವ ಹಾಗೆ ಅಳುವಳು.

ಶೂಟಿಂಗ್ ಶುರುವಾಯಿತು, ತೊಂದರೆಯೂ ಶುರುವಾಯಿತು. ಪಂಕಜಂ ಹೊಸಿಲ ಮೇಲೆ ಕೂತು "ಈ ಹೊಸಿಲು ದಾಟಿದಾಗ ಎನಗ ಹದಿನಾರು" ಎಂದಳು. ಎದುರಿಗೆ ಕೂತ ಜಯರಾಮನ್‌ನ ತುಟಿಯೂ ಅದನ್ನೇ ಅಂದಿತು.

"ಕಟ್! ಮಾಮ, ಬಾಯಿ!"

ಬಾಯಿ ಮುಚ್ಚಿದರೆ ಗಲ್ಲ ಆಡಿತು. ಎಲೆ ಅಡಿಕೆ ತುರುಕಿದರು, ಎಲೆ ಅಡಿಕೆಯೂ ಮಾತಿಗೆ ಸರಿಯಾಗಿ ಕುಣಿಯಿತು. ಶಾಲನ್ನು ಮೂಗಿನವರೆಗೆ ಹೊದಿಸಿದರು, ಶಾಲು ಅಲುಗಿತು. "ಕಾಡಾನೆಯನ್ನಾದರೂ ಸುಮ್ಮನೆ ನಿಲ್ಲಿಸಬಹುದು," ಎಂದು ಮಂಜುನಾಥ ಕ್ಯಾಮರಾ ನಿಲ್ಲಿಸಿದ. ಇಷ್ಟರ ಮೇಲೆ ಪಂಕಜಂಗೂ ಕಾಗದದ ಮಾತು ತಲೆಗೆ ಹತ್ತದೆ, ಅವಳು ಇವನ ತುಟಿ ನೋಡಿಕೊಂಡೇ ಹೇಳುತ್ತಿದ್ದಳು. ಸಂಜೆ ಪ್ರವೀಣ್ ಜಯರಾಮನ್‌ನನ್ನು ಅಂಗಳದ ಕೊನೆಗೆ ಕರೆದುಕೊಂಡು ಹೋದ.

"ಬೇಜಾರು ಮಾಡ್ಕೋಬೇಡ ಮಾಮ. ನಾಳೆಯೂ ಹೀಂಗೇ ಆದರೆ ಬೇರೆಯವರನ್ನ ಕರೀತೀನಿ."

ಪರದೆಯ ಈಚೆ ಒಂದು ಕಾಲಿಟ್ಟು ಮತ್ತೆ ಮರೆಗೆ ಹೋಗುವುದೇ? ಅಡುಗೆಮನೆಗೆ ಬಂದು ಕೂತ ಜಯರಾಮನ್‌ಗೆ ಒಂದು ಉಪಾಯ ಹೊಳೆಯಿತು. ಮಾತನ್ನೆಲ್ಲ ಇವತ್ತೇ ಹೇಳಿ ಖಾಲಿ ಮಾಡಿದರೆ ನಾಳೆ ಬಾಯಲ್ಲಿ ಏನೂ ಉಳಿಯುವುದಿಲ್ಲ! ವಸಂತಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳೆದುರು ಮುದುಕಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ, ಮತ್ತೆ ಹೇಳಿದ. ಅವಳು ತಲೆ ಎತ್ತಲಿಲ್ಲ. ಕಾಯಿ ಮುಗಿದ ಮೇಲೂ ಕೇಳುತ್ತ ಕೂತೇ ಇದ್ದಳು.

ಮಾರನೆಯ ಬೆಳಿಗ್ಗೆ ಕ್ಯಾಮರಾ ಓಡಿತು. ಜಯರಾಮನ್ ತುಟಿ ಕಚ್ಚಿ ಹಿಡಿದ. ಪಂಕಜಂ ಮೊದಲ ಮಾತು ಹೇಳಿದಳು, ಎರಡನೆಯದು ಮರೆತಳು, ಇವನ ತುಟಿ ನೋಡಿದಳು. ತುಟಿ ಬಿಗಿದಿತ್ತು. ಅವಳಿಗೆ ರೇಗಿಹೋಯಿತು. ಕಾಗದ ಹಾಳಾಗಲಿ ಎಂದುಕೊಂಡಳೋ ಏನೋ, ತನ್ನ ಬಾಯಿಗೆ ಬಂದದ್ದು ಹೇಳತೊಡಗಿದಳು.

"ನೀ ಎಮ್ಮೆ ಮಾರಿ ಚಹಾ ಗಿಡ ನೆಟ್ಟೆ. ಎನ್ನ ಒಂದು ಮಾತು ಕೇಳಲಿಲ್ಲೆ. ಮಾರಿದ ಎಮ್ಮೆ ಹಗ್ಗ ಹರಕೊಂಡು ಸಂಜೆ ತಿರುಗಿ ಬಂತು. ಇದೇ ಬಾಗಿಲಲ್ಲಿ ನಿಂತಿತ್ತು. ಕೆಚ್ಚಲು ತುಂಬಿತ್ತು. ನಾ ಪಾತ್ರೆ ತರೋಣ ಅಂತ ಒಳಗೆ ಹೋದೆ. ಹೊರಗೆ ಬರುವಾಗ ನೀ ಅದನ್ನ ಹೊಡಕೊಂಡು ಹೋಗಿದ್ದೆ. ಪಾತ್ರೆ ಹಿಡಕೊಂಡು ನಾ ಎಷ್ಟು ಹೊತ್ತು ನಿಂತಿದ್ದೆ, ನಿನಗ ಗೊತ್ತಾ?"

ಇದು ಕಾಗದದಲ್ಲಿ ಇರಲಿಲ್ಲ. ಮುಂದೇನು ಎಂದು ಜಯರಾಮನ್‌ಗೆ ಗೊತ್ತಿರಲಿಲ್ಲ. ಇಂಥದ್ದು ಅವನಿಗೆ ಆದದ್ದೇ ಇಲ್ಲ. ಕಚ್ಚಿ ಹಿಡಿದಿದ್ದ ತುಟಿ ತಾನಾಗಿ ಸಡಿಲವಾಗಿ ಹಾಗೇ ಉಳಿಯಿತು. ಅವಳು ಮಾತು ನಿಲ್ಲಿಸಿದಾಗಲೂ ಅವನು ಕಾಯುತ್ತಲೇ ಇದ್ದ, ಇನ್ನೂ ಏನೋ ಇದೆ ಎಂಬಂತೆ. ಪ್ರವೀಣ್ ಕಟ್ ಎನ್ನುವುದನ್ನೇ ಮರೆತ.

ಕೆಲವು ತಿಂಗಳ ಮೇಲೆ ಹಟ್ಟಿಯ ಸಮುದಾಯ ಭವನದಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು. ಎಮ್ಮೆಯ ಮಾತು ಬಂದಾಗ ಬಟ್ಟೆಯ ತುಂಬ ಜಯರಾಮನ್‌ನ ಮುಖವೇ ಇತ್ತು. ಹೆಂಗಸರ ಕಡೆ ಮೂಗು ಒರೆಸುವ ಸದ್ದು. ಚಪ್ಪಾಳೆ ಬಿದ್ದಾಗ ಅವನಿಗೆ ಅದು ತನಗೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಜನ ಅವನ ಕೈ ಹಿಡಿದರು, ಬೆನ್ನು ತಟ್ಟಿದರು.

ಗಂಡ ಹೆಂಡತಿ ಇಬ್ಬರೂ ಚಹಾ ತೋಟದ ನಡುವಿನ ಕಾಲುದಾರಿಯಲ್ಲಿ ಮನೆ ಕಡೆ ಹೊರಟರು. ಹೊತ್ತು ಇನ್ನೂ ಮುಳುಗಿರಲಿಲ್ಲ.

"ಆ ಪಾರ್ಟಿಗೆ ನಾ..." ಎಂದು ವಸಂತಿ ನಿಂತಳು, ಅಭ್ಯಾಸಬಲದಿಂದ.

ಜಯರಾಮನ್‌ನ ಬಾಯಿಗೆ ಮಾತು ಬಂದೇ ಬಂತು. ಒಳ್ಳೆ ಆಳನ್ನೇ ತಂದೆ ಅಂತ ತಾನೇ? ಅಷ್ಟರಲ್ಲಿ ಬಟ್ಟೆಯ ಮೇಲೆ ಕಂಡ ತನ್ನ ಮುಖ ನೆನಪಾಯಿತು. ನುಂಗಿಕೊಂಡ. ಅವಳು ಕಾದಳು. ಅವನೂ ಕಾದ. ಕೊನೆಗೆ ಅವಳು ಅವನ ಮುಖ ನೋಡದೆ, ಒಂದು ಚಹಾ ಚಿಗುರು ಚಿವುಟುತ್ತ ಹೇಳಿದಳು.

"ಆಗಲಾ ಅಂತ ಕೇಳೋಣ ಅಂತಿದ್ದೆ ಅವತ್ತು. ನಾನೇ."

ಜಯರಾಮನ್‌ಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಆ ಪಾರ್ಟು ಈಗ ಹೇಳು," ಎಂದ.

"ಇಲ್ಲೇನಾ?"

"ಇಲ್ಲೇ."

ದಾರಿಯ ಬದಿಯ ಕಲ್ಲಿನ ಮೇಲೆ ವಸಂತಿ ಕೂತಳು. ಸೆರಗು ಸರಿ ಮಾಡಿಕೊಂಡಳು. "ಈ ಹೊಸಿಲು ದಾಟಿದಾಗ ಎನಗ ಹದಿನಾರು," ಎಂದು ಶುರು ಮಾಡಿದಳು, ಒಂದು ಅಕ್ಷರ ತಪ್ಪದೆ, ಎಲ್ಲೂ ತಡವರಿಸದೆ. ಒಲೆಯ ಮಾತು ಬಂತು, ಕಿಟಕಿಯ ಮಾತು ಬಂತು. ಜಯರಾಮನ್ ಎದುರಿಗೆ ನೆಲದ ಮೇಲೆ ಕೂತಿದ್ದ. ಅಷ್ಟೂ ಮಾತು ಅವನಿಗೆ ಬರುತ್ತಿತ್ತು. ಅವನ ತುಟಿ ಅಲುಗಲಿಲ್ಲ.