ಗವರೊಟ್ಟಿಗಳು ಎಷ್ಟು ಮಂದಿ

ನಮ್ಮ ಅಡ್ಡಹೆಸರಿನವರು ಲೋಕದಲ್ಲಿ ಎಷ್ಟು ಜನ ಇದ್ದಾರೆ ಎಂದು ಹುಡುಕಿ ತೆಗೆದವನು ನನ್ನ ಮಗ ಶಾನ್. ಯಾವುದೋ ವೆಬ್‌ಸೈಟ್ ಇದೆಯಂತೆ, ಹೆಸರು ಹಾಕಿದರೆ ಯಾವ ದೇಶದಲ್ಲಿ ಎಷ್ಟು ಮಂದಿ ಎಂದು ತೋರಿಸುತ್ತದೆ. ಡಿಸೋಜ ಎಂದು ಹಾಕಿದರೆ ಲಕ್ಷಗಟ್ಟಲೆ ಬರುತ್ತದೆ. ಗವರೊಟ್ಟಿ ಎಂದು ಹಾಕಿದರೆ ಇಟಲಿಯಲ್ಲಿ ಹದಿನೆಂಟು, ಇಂಡಿಯಾದಲ್ಲಿ ಒಂದು, ಎಮಿರೇಟ್ಸ್‌ನಲ್ಲಿ ನಾಲ್ಕು. ಖಲಾಸ್, ಅಷ್ಟೇ.

ಇಂಡಿಯಾದ ಆ ಒಂದು ನನ್ನ ಅತ್ತೆ ಅಪೊಲೊನಿಯಾ. ಎಂಬತ್ತನಾಲ್ಕು ವರ್ಷ. ಆಗ ವಿಸಿಟ್ ವೀಸಾದಲ್ಲಿ ಬಂದು ಮಿರ್ದಿಫ್‌ನ ನಮ್ಮ ಫ್ಲ್ಯಾಟಿನಲ್ಲಿದ್ದರು. ಎಮಿರೇಟ್ಸ್‌ನಲ್ಲಿ ನಾವು ಮೂರೇ ಜನ: ನನ್ನ ಗಂಡ ಜುವಾಕಿಂ, ಶಾನ್, ಮತ್ತೆ ಮಗ್ದಲೀನ್ ಎಂಬ ನಾನು. ಎಷ್ಟು ಸಲ ಬೆರಳು ಮಡಚಿದರೂ ಮೂರೇ. ನಾಲ್ಕನೆಯವರು ಯಾರು ಮಾರಾಯ್ರೆ? ನಾನು ಗಂಡನ ಮುಖ ನೋಡಿದೆ. ನನಗಿಂತ ಆರು ವರ್ಷ ಮೊದಲು ದುಬೈಗೆ ಬಂದವರು ಅವರು.

“ಎಂತ ನೋಡ್ತಿ? ನಾನೆಂತ ಮಾಡಿದ್ದೇನೆ?” ಎಂದರು.

ನಾನು ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ಒಂದೇ ಹೆಸರಿನ, ಒಂದೇ ಹುಟ್ಟಿದ ದಿನದ ಐದು ಫೈಲುಗಳನ್ನು ಕೊಟ್ಟರೂ ಬೇರೆ ಬೇರೆ ಮಾಡಿ ಇಡುತ್ತೇನೆ. ನನ್ನ ಮನೆಯ ಹೆಸರಿನ ತಲೆಬುಡ ಮಾತ್ರ ನನಗೆ ಗೊತ್ತಿರಲಿಲ್ಲ. ನಮ್ಮ ಕೊಂಕಣಿ ಕ್ರಿಶ್ಚಿಯನ್ನರಲ್ಲಿ ಅಡ್ಡಹೆಸರು ಹೇಳಿದರೆ ಯಾವ ಚರ್ಚು, ಯಾವ ಮನೆ, ಯಾರ ಸಂಬಂಧ ಎಂದು ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತದೆ. ಗವರೊಟ್ಟಿ ಎಂದರೆ ಎಲ್ಲರೂ ಬಾಯಿ ಬಿಡುತ್ತಾರೆ. ಶಾನ್‌ನ ಶಾಲೆಯಲ್ಲಿದ್ದ ಮಂಗಳೂರಿನ ಮಕ್ಕಳು ಅವನನ್ನು ಕೋರಿರೊಟ್ಟಿ ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಹೇಳುತ್ತಿದ್ದ ಕಥೆ ಇಷ್ಟೇ. ಜುವಾಕಿಂನ ಅಜ್ಜ ಜುಸ್ತಿನ್, ಅಂದರೆ ನನ್ನ ಅತ್ತೆಯ ಮಾವ, ಮಂಗಳೂರಿನ ಹತ್ತಿರ ಇಟಲಿಯ ಪಾದ್ರಿಗಳ ಅನಾಥಾಶ್ರಮದಲ್ಲಿ ಬೆಳೆದವರು. ಅಲ್ಲಿದ್ದ ಗವರೊಟ್ಟಿ ಎಂಬ ಪಾದ್ರಿ ಮಗುವಿಗೆ ತನ್ನ ಹೆಸರನ್ನೇ ಕೊಟ್ಟರು. ಅಲ್ಲಿ ಬೆಳೆದ ಬೇರೆ ಮಕ್ಕಳೆಲ್ಲ ಪಿಂಟೊ, ಲೋಬೊ ಆದರು, ಇವರೊಬ್ಬರಿಗೆ ಮಾತ್ರ ಪಾದ್ರಿಯ ಹೆಸರು ಯಾಕೆ? ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವಂತಿಲ್ಲ. ಹೊರಗಿನವರು ಕೇಳದೆ ಬಿಡುತ್ತಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ವರ್ಷ ಮೊಂತಿ ಹಬ್ಬದ ದಿನ, ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ, ಪಕ್ಕದ ಮನೆಯವಳು ಹತ್ತು ಜನರೆದುರು, “ಅಪೊಲೊನಿಯಾ, ನಿನ್ನ ಮಾವನಿಗೆ ಪೂಜೆ ಹೇಳಲಿಕ್ಕೆ ಬರ್ತದಾ?” ಎಂದಳಂತೆ. ಪಾದ್ರಿಯ ಮಗನಲ್ಲವಾ ಎಂಬ ಕೊಂಕು ತಿಳಿದು ಎಲ್ಲರೂ ನಕ್ಕರಂತೆ. ಅತ್ತೆ ಎಲೆ ಬಿಟ್ಟು ಎದ್ದು ಬಂದರು. ಆ ಹೆಂಗಸು ಸಾಯುವವರೆಗೆ ಅವಳೊಡನೆ ಮಾತಾಡಲಿಲ್ಲ, ಸತ್ತಾಗ ಮಣ್ಣಿಗೂ ಹೋಗಲಿಲ್ಲ.

ನನ್ನ ಗಂಡನದು ಇನ್ನೊಂದು ತರ. ಇಂಟರ್ನೆಟ್ಟಿನಲ್ಲಿ ಯಾರೋ ಇಟಲಿಯ ಮನೆತನಗಳ ಲಾಂಛನ ಮಾರುತ್ತಾರೆಂದು ಒಂದನ್ನು ತರಿಸಿ, ಹಾಲ್‌ನ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕಕ್ಕೆ ತೂಗುಹಾಕಿದ್ದರು. ಗುರಾಣಿ, ಅದರ ಮೇಲೆ ನಾಲಗೆ ಚಾಚಿದ ಸಿಂಹ. ಧೂಳು ಒರೆಸುವವಳು ನಾನು.

ಈಗ ಶಾನ್‌ನ ವಿಷಯ. ಅವನು ಹುಟ್ಟಿದ್ದೇ ದುಬೈಯಲ್ಲಿ. ಡಿಗ್ರಿ ಆಗಿದೆ, ಕೆಲಸ ಸಿಕ್ಕಿಲ್ಲ. ಇಪ್ಪತ್ತೈದು ತುಂಬಿದ ಮಗ ಅಪ್ಪನ ವೀಸಾದಲ್ಲಿ ಇರುವಂತಿಲ್ಲ. ಉಳಿದದ್ದು ಹದಿನಾಲ್ಕು ತಿಂಗಳು. ಮಂಗಳೂರು ಅವನಿಗೆ ಎರಡು ವಾರದ ರಜೆಯ ಊರು. ನನ್ನ ಗಂಡನ ಸೋದರಿಕೆಯ ಲವಿನಾ ಗೋವಾದವನನ್ನು ಮದುವೆಯಾಗಿ ಪೋರ್ಚುಗೀಸ್ ಪಾಸ್‌ಪೋರ್ಟಿನಲ್ಲಿ ಇಡೀ ಸಂಸಾರ ಕಟ್ಟಿಕೊಂಡು ಯುರೋಪಿಗೆ ಹಾರಿದ್ದಳು. ಹೋಗುವ ಮೊದಲು, “ನಿಮ್ಮದು ಇಟಲಿ ಹೆಸರಲ್ವಾ ಮಗ್ದಲೀನ್? ಟ್ರೈ ಮಾಡಿ” ಎಂದು ನಗುತ್ತ ಹೇಳಿದಳು. ಆ ನಗು ನನಗೆ ಗೊತ್ತು. ಆದರೂ ಮಾತು ತಲೆಯೊಳಗೆ ಕೂತಿತು.

ಬರ್ ದುಬೈಯ ದೇವಸ್ಥಾನದ ಓಣಿಯ ಹತ್ತಿರ ಕುಂದಾಪುರದ ದ್ವಾರಕನಾಥರ ಟೈಪಿಂಗ್ ಸೆಂಟರ್ ಇದೆ. ಅವರಿಗೆ ಗೊತ್ತಿಲ್ಲದ ವೀಸಾ ಕಾಯಿದೆ ಇಲ್ಲವೆಂದು ನಮ್ಮವರ ನಂಬಿಕೆ. ಅಲ್ಲಿಗೆ ಹೋದೆ.

“ಅಕ್ಕ, ಹೆಸರು ಇದ್ರೆ ಸಾಲುದಿಲ್ಲ. ಪಾಸ್‌ಪೋರ್ಟಿಗೆ ಇಟಲಿಯವರು ರಕ್ತ ಕೇಳ್ತಾರೆ,” ಎಂದರು. “ಪಾದ್ರಿ ಪ್ರೀತಿಯಿಂದ ಹೆಸರು ಕೊಟ್ಟದ್ದು ಅಂತ ಬರೆದ್ರೆ ಫೈಲು ಮಾಫಿ, ಮುಂದೆ ಹೋಗುದೇ ಇಲ್ಲ. ಪಾದ್ರಿಯ ಮಗ ಅಂತ ಬರೆದ್ರೆ ಏನಾದ್ರೂ ದಾರಿ ಇರಬಹುದು.”

“ಪಾದ್ರಿಗೆ ಮಗನಾ? ಜೆಜು ಮರಿ ಜುಜೆ!”

“ನಾನು ಹೇಳುದಲ್ಲ ಅಕ್ಕ, ಕಾಗದ ಹೇಳುದು. ಮನೆಯ ಹಿರಿಯರೊಬ್ಬರು ಸಹಿ ಹಾಕ್ಬೇಕು, ಅಷ್ಟೆ.”

ಅವರೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟರು. ‘ಅಪೊಲೊನಿಯಾ ಗವರೊಟ್ಟಿ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ನನ್ನ ಮಾವ ಜುಸ್ತಿನ್ ಅವರು ಪಾದ್ರಿ ಗವರೊಟ್ಟಿಯವರ ಸ್ವಂತ ಮಗ.’ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದು ಅಡುಗೆಮನೆಯ ಡ್ರಾಯರಿನಲ್ಲಿ, ಬಿಲ್ಲುಗಳ ಅಡಿಯಲ್ಲಿ ಇಟ್ಟೆ.

ನನ್ನ ಗೊಂದಲ ಕೇಳಿ. ಜುಸ್ತಿನಜ್ಜ ನಿಜವಾಗಿ ಪಾದ್ರಿಯ ಮಗನಾದರೆ ಶಾನ್‌ಗೆ ದಾರಿ ಉಂಟು, ಅತ್ತೆಯ ಮಾನ ಹೋಯಿತು. ಅಲ್ಲವಾದರೆ ಅತ್ತೆಯ ಮಾನ ಉಳಿಯಿತು, ಶಾನ್ ಎಲ್ಲಿಗೆ ಹೋಗಲಿ? ಸಂಜೆ ಜಪಸರ ಹಿಡಿದು ಕುಳಿತರೆ ದೇವರ ಹತ್ತಿರ ಯಾವುದನ್ನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದು ದಿನ ಇದು, ಮರುದಿನ ಅದು ಕೇಳುತ್ತಿದ್ದೆ. ದೇವರಿಗೂ ತಲೆಕೆಟ್ಟಿರಬೇಕು.

ಒಮ್ಮೆ ಮೆಲ್ಲನೆ ಬಾಯಿ ಬಿಟ್ಟು ನೋಡಿದೆ. “ಮಾಂಯ್, ನಿಮ್ಮ ಮಾವ ನೋಡ್ಲಿಕ್ಕೆ ಹೇಗಿದ್ರು? ಬೆಳ್ಳಗಾ?”

ಅತ್ತೆ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದರು. “ಇದ್ದಿಲಿನ ಹಾಗೆ ಕಪ್ಪು. ನೀನೂ ಶುರು ಮಾಡಿದ್ಯಾ?”

“ಇಲ್ಲ ಮಾಂಯ್, ಸುಮ್ಮನೆ...”

“ಅವರನ್ನು ಹೆತ್ತವಳು ಯಾರೋ ಪಾಪ. ಹೆಸರು ಗೊತ್ತಿಲ್ಲ ಅಂತ ಅವಳ ಮೇಲೆ ಏನು ಬೇಕಾದ್ರೂ ಹೇಳಬಹುದಾ?”

ನನಗೆ ನಾಚಿಕೆಯಾಯಿತು. ಆದರೂ ಕಾಗದವನ್ನು ಹರಿಯಲಿಲ್ಲ.

ಅಷ್ಟರಲ್ಲಿ ಶಾನ್ ನಾಲ್ಕನೆಯ ಗವರೊಟ್ಟಿಯನ್ನು ಹಿಡಿದೇಬಿಟ್ಟ. ಅಬುಧಾಬಿಯಲ್ಲಿ ಕಟ್ಟಡಗಳ ನಕ್ಷೆ ಮಾಡುವ ಇಟಲಿಯ ಹುಡುಗಿ. ಇವನು ಮೆಸೇಜು ಕಳಿಸಿದ್ದಕ್ಕೆ ಅವಳಿಗಿಂತ ಅವಳ ಅಪ್ಪನಿಗೆ ಹುಚ್ಚು ಹಿಡಿದಂತಾಯಿತು. ಎನ್ನಿಯೊ ಗವರೊಟ್ಟಿ, ಇಟಲಿಯ ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹನ್ನೆರಡು ವರ್ಷಗಳಿಂದ ತನ್ನ ಅಡ್ಡಹೆಸರಿನವರನ್ನೆಲ್ಲ ಹುಡುಕಿ ಮನೆಮನೆಗೆ ಹೋಗಿ ಪುಸ್ತಕದಲ್ಲಿ ಬರೆದುಕೊಳ್ಳುವುದೇ ಅವರ ಕೆಲಸ. ಆಗ ಮಗಳನ್ನು ನೋಡಲು ಬಂದಿದ್ದರು. ಆ ಪಾದ್ರಿ ತನ್ನ ಅಜ್ಜನ ತಮ್ಮ, ಅವರು ಬರೆದ ಕಾಗದಗಳು ತನ್ನ ಹತ್ತಿರ ಇವೆ, ಶನಿವಾರ ಬರುತ್ತೇನೆ ಎಂದು ಹೇಳಿ ಕಳಿಸಿದರು. ಕಾಗದದಲ್ಲಿ ಏನಿದೆಯೋ!

ಶನಿವಾರ ಮಧ್ಯಾಹ್ನ ಎನ್ನಿಯೊ ಬಂದರು. ಗಿಡ್ಡ, ಗುಂಡಗೆ, ಕೈಯಲ್ಲಿ ಸಿಹಿಯ ಡಬ್ಬ, ಕಂಕುಳಲ್ಲಿ ಹಸಿರು ರಟ್ಟಿನ ಪುಸ್ತಕ. ನಾನು ಬೇಕೆಂದೇ ಕೋರಿರೊಟ್ಟಿ ಮಾಡಿದ್ದೆ. ಒಣ ರೊಟ್ಟಿ ಮುರಿದು ಕೋಳಿಸಾರು ಸುರಿದು ಕೊಟ್ಟರೆ ಕಣ್ಣಲ್ಲಿ ನೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಗೋಡೆಯ ಸಿಂಹವನ್ನು ನೋಡಿದರು.

“ಇದು ಯಾರದು?”

“ನಮ್ಮದು. ಗವರೊಟ್ಟಿ ಮನೆತನದ್ದು,” ಎಂದರು ಜುವಾಕಿಂ, ಎದೆ ಉಬ್ಬಿಸಿ.

ಎನ್ನಿಯೊ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮಗೆ ಕತ್ತೆಯೂ ಇರಲಿಲ್ಲ,” ಎಂದರು.

ಅವರ ಇಂಗ್ಲಿಷ್ ನನ್ನ ಅರಬಿಯಷ್ಟೇ ಇತ್ತು. ಅತ್ತೆಗೆ ಅದೂ ಇಲ್ಲ. ಅವರಿಗೆ ಕೊಂಕಣಿಯಲ್ಲಿ ಹೇಳುವ ಕೆಲಸ ನನಗೆ ಬಿತ್ತು. ಎನ್ನಿಯೊ ಪುಸ್ತಕದೊಳಗಿಂದ ಹಳೆಯ ಕಾಗದವೊಂದನ್ನು ತೆಗೆದರು. ಏನಿದ್ದರೂ ನಾನು ಬೇರೆಯೇ ಹೇಳಿಬಿಡಬಹುದಲ್ಲ ಎಂಬ ಯೋಚನೆ ಬಂತು. ಆದರೆ ಯಾವ ಸುಳ್ಳು ಹೇಳುವುದು? ಅತ್ತೆಗೆ ಬೇಕಾದದ್ದಾ, ಮಗನಿಗೆ ಬೇಕಾದದ್ದಾ?

“ಬಾಯೆ, ಸ್ವಲ್ಪ ನಿಲ್ಲಲಿಕ್ಕೆ ಹೇಳು ಅವರಿಗೆ,” ಎಂದರು ಅತ್ತೆ. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ, ನಾನು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ದ್ವಾರಕನಾಥರ ಕಾಗದ. ಅದನ್ನು ಎನ್ನಿಯೊ ಮುಂದೆ ಮೇಜಿನ ಮೇಲೆ ಬಿಡಿಸಿ ಇಟ್ಟರು. ಕೆಳಗೆ ಕನ್ನಡದಲ್ಲಿ, ನಡುಗುವ ದೊಡ್ಡ ಅಕ್ಷರಗಳಲ್ಲಿ, ಅಪೊಲೊನಿಯಾ ಗವರೊಟ್ಟಿ.

“ಮಾಂಯ್, ಇದು ನಿಮಗೆ ಹೇಗೆ...”

“ಗ್ರ್ಯಾನಿ ಆಸ್ಕ್‌ಡ್ ಮಿ ಟು ರೀಡ್ ಇಟ್, ಮಮ್ಮಿ,” ಎಂದ ಶಾನ್. “ಐ ಥಾಟ್ ಯು ನ್ಯೂ ಅಬೌಟ್ ಇಟ್.”

“ಅವರಿಗೆ ಹೇಳು,” ಎಂದರು ಅತ್ತೆ, ನನ್ನನ್ನು ನೋಡದೆ. “ನನ್ನ ಮಾವ ಆ ಪಾದ್ರಿಯ ಮಗ ಅಂತ ನಾನೇ ಹೇಳ್ತೇನೆ. ಮಾವ ತೀರಿ ಐವತ್ತು ವರ್ಷ ಆಯ್ತು, ಅವರಿಗೆ ಇನ್ನು ನೋವಾಗುದಿಲ್ಲ. ನನಗೆ ಆಗ್ತದೆ, ಆಗ್ಲಿ. ನಮ್ಮ ಶಾನ್ ಪುತಾ ಎಲ್ಲಿಯಾದ್ರೂ ನೆಲೆ ನಿಲ್ಲಬೇಕಲ್ಲ.”

ಒಂದು ಮಾತಿಗಾಗಿ ಊಟದ ಎಲೆ ಬಿಟ್ಟು ಎದ್ದ ಹೆಂಗಸು ಅದೇ ಮಾತಿನ ಕೆಳಗೆ ಸಹಿ ಹಾಕಿದ್ದರು. ಹಾಕಿಸಿದವಳು ನಾನು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಎನ್ನಿಯೊ ಆ ಕಾಗದವನ್ನು ಎರಡು ಸಲ ಓದಿದರು. ತಲೆ ಕೆರೆದುಕೊಂಡರು. ಮತ್ತೆ ಮೆಲ್ಲನೆ ಅದನ್ನು ಪಕ್ಕಕ್ಕೆ ಸರಿಸಿ, ತಾನು ತಂದದ್ದನ್ನು ಓದತೊಡಗಿದರು. ಪಾದ್ರಿ ಮಂಗಳೂರಿನಿಂದ ತನ್ನ ತಂಗಿಗೆ ಬರೆದದ್ದು. ಅವರು ಒಂದೊಂದೇ ಸಾಲನ್ನು ಮುರಿದ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕೊಂಕಣಿಯಲ್ಲಿ ಹೇಳಿದೆ. ಒಂದು ಅಕ್ಷರ ಹೆಚ್ಚು ಹೇಳಲಿಲ್ಲ, ಕಡಿಮೆ ಹೇಳಲಿಲ್ಲ.

‘ನಿನ್ನೆ ಒಂದು ಗಂಡುಮಗುವನ್ನು ತಂದರು. ತಾಯಿ ದೋಣಿಯಲ್ಲಿ ಬಂದವಳು, ಜ್ವರದಲ್ಲಿ ಸತ್ತಳಂತೆ. ನಾನು ಅವಳನ್ನು ನೋಡಲಿಲ್ಲ. ಯಾವ ಊರಿನವಳೆಂದು ಯಾರಿಗೂ ತಿಳಿಯದು. ಜ್ಞಾನಸ್ನಾನದ ಪುಸ್ತಕದಲ್ಲಿ ಅಡ್ಡಹೆಸರು ಏನು ಬರೆಯಲಿ ಎಂದು ಸಿಸ್ಟರ್ ಕೇಳಿದರು. ನನಗೆ ನಮ್ಮ ಅಜ್ಜನ ನೆನಪಾಯಿತು. ನಮ್ಮದನ್ನೇ ಬರೆಯಿರಿ ಎಂದೆ.’

“ಅವರ ಅಜ್ಜನ ನೆನಪು ಯಾಕೆ?” ಕೇಳಿದ್ದು ಜುವಾಕಿಂ.

ಎನ್ನಿಯೊ ವಿವರಿಸಿದರು. ಅವರ ಊರಿನ ಆಸ್ಪತ್ರೆಯ ಗೋಡೆಯಲ್ಲಿ ತಿರುಗುವ ಮರದ ತೊಟ್ಟಿ ಇತ್ತಂತೆ. ಸಾಕಲಾರದವರು ಮಗುವನ್ನು ಅದರಲ್ಲಿಟ್ಟು ಗಂಟೆ ಬಾರಿಸಿ ಹೋಗುತ್ತಿದ್ದರು. ಊರಿನ ಮನೆತನಗಳ ಹೆಸರು ಇಟ್ಟರೆ ಅವರು ಜಗಳಕ್ಕೆ ಬರುತ್ತಾರೆಂದು ಆಸ್ಪತ್ರೆಯ ಗುಮಾಸ್ತ ಯಾರಿಗೂ ಇಲ್ಲದ ಹೆಸರು ಕಟ್ಟುತ್ತಿದ್ದ. ಹಾಗೆ ತೊಟ್ಟಿಯಲ್ಲಿ ಸಿಕ್ಕ ಒಂದು ಮಗುವಿಗೆ ಗವರೊಟ್ಟಿ ಎಂದು ಬರೆದ. ಆ ಮಗುವೇ ಪಾದ್ರಿಯ ಅಜ್ಜ. ಅದಕ್ಕೇ ನಾವು ಇಷ್ಟು ಕಡಿಮೆ ಎಂದರು ಎನ್ನಿಯೊ. ಅರ್ಥವೂ ಇಲ್ಲ, ಸಿಂಹವೂ ಇಲ್ಲ.

ಅತ್ತೆ, “ಆ ತಾಯಿಯನ್ನು ಪಾದ್ರಿ ನೋಡ್ಲೇ ಇಲ್ಲ ಅಂತ ಬರೆದಿದ್ದಾರಾ?” ಎಂದು ಕೇಳಿದರು.

“ಬರೆದಿದ್ದಾರೆ ಮಾಂಯ್.”

“ಅದೊಂದನ್ನು ಇನ್ನೊಮ್ಮೆ ಹೇಳು.”

ಹೇಳಿದೆ. ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಒರೆಸಿ, ಸಹಿ ಹಾಕಿದ ಕಾಗದವನ್ನು ನನ್ನ ಕೈಗೆ ಕೊಟ್ಟು, “ತಂದವಳು ನೀನು, ನೀನೇ ಹರಿ” ಎಂದರು. ಹರಿದೆ. ಶಾನ್‌ನ ಹದಿನಾಲ್ಕು ತಿಂಗಳು ಹಾಗೆಯೇ ಉಳಿಯಿತು. ಅವನು ಚೂರುಗಳನ್ನು ಹೆಕ್ಕಿ ಕಸದ ಬುಟ್ಟಿಗೆ ಹಾಕಿ ಬಂದು ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕುಳಿತ. ನನಗೆ ಸಮಾಧಾನವೋ ಸಂಕಟವೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಎನ್ನಿಯೊ ಹಸಿರು ಪುಸ್ತಕ ಬಿಡಿಸಿದರು. ಅವರ ಮಗಳ ಹೆಸರು ಹತ್ತೊಂಬತ್ತನೆಯದು. ಕೆಳಗೆ ಇಪ್ಪತ್ತು ಎಂದು ಹಾಕಿ ಜುವಾಕಿಂ, ಇಪ್ಪತ್ತೊಂದು ಎಂದು ಹಾಕಿ ಶಾನ್. ಪೆನ್ನಿನ ಕ್ಯಾಪು ಹಾಕಿದರು.

“ನಾವು?” ಎಂದೆ.

ಇಟಲಿಯಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರಂತೆ, ಸೊಸೆಯಂದಿರನ್ನು ಎಣಿಸುವುದಿಲ್ಲವಂತೆ. ತುಂಬ ಮರ್ಯಾದೆಯಿಂದಲೇ ಹೇಳಿದರು. ನಾನು ಅದನ್ನು ಅತ್ತೆಗೆ ಹೇಳಿದೆ. ಅತ್ತೆ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡರು.

“ಈ ಹೆಸರಿಗೆ ಬೈಗುಳ ತಿಂದದ್ದು ಯಾರು ಅಂತ ಕೇಳು ಅವರಿಗೆ,” ಎಂದು ಪೆನ್ನಿಗೆ ಕೈ ಚಾಚಿದರು.

ಎನ್ನಿಯೊಗೆ ಕೊಂಕಣಿ ಬರುವುದಿಲ್ಲ, ಆದರೂ ಪೆನ್ನು ಕೊಟ್ಟರು. ಶಾನ್‌ನ ಹೆಸರಿನ ಕೆಳಗೆ ಅತ್ತೆ, ಹರಿದುಹೋದ ಕಾಗದದಲ್ಲಿ ಹಾಕಿದ್ದ ಅದೇ ನಡುಗುವ ದೊಡ್ಡ ಅಕ್ಷರಗಳಲ್ಲಿ, ಅಪೊಲೊನಿಯಾ ಗವರೊಟ್ಟಿ ಎಂದು ಬರೆದರು. ಎನ್ನಿಯೊ ಬಗ್ಗಿ ಅದರ ಎಡಕ್ಕೆ ಇಪ್ಪತ್ತೆರಡು ಎಂದು ಹಾಕಿದರು.

ಅತ್ತೆ ಪೆನ್ನನ್ನು ಅವರಿಗೆ ಹಿಂದಕ್ಕೆ ಕೊಡಲಿಲ್ಲ. “ಹಿಡಿ ಬಾಯೆ,” ಎಂದು ನನ್ನ ಕೈಗೆ ಕೊಟ್ಟರು.